ಐಸ್ ಮೇಕರ್ ಬಿಚ್ಚುವ ಮುಂಚೆ ಒಂದು ಬಾಟಲಿ ನೀರು ಹಿಡಿದು ನೋಡಿ

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮದು ನಾಪೋಕ್ಲು ಹತ್ತಿರ ತೋಟದ ಮನೆ. ಎರಡು ರೂಮು ಹೋಮ್‌ಸ್ಟೇಗೆ ಕೊಡುತ್ತೇವೆ. ಮೂರು ವರ್ಷದ ಹಿಂದೆ ಅಕ್ಕಪಕ್ಕ ಎರಡು ಬಾಗಿಲಿರುವ ದೊಡ್ಡ ಫ್ರಿಡ್ಜ್ ತೆಗೆದುಕೊಂಡೆವು, ತಾನಾಗೇ ಐಸ್ ಮಾಡಿ ಡಬ್ಬಕ್ಕೆ ಬೀಳಿಸುವಂಥದ್ದು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಐಸ್ ತುಂಡುಗಳು ಸಣ್ಣದಾಗುತ್ತಾ ಬಂದವು. ಆಮೇಲೆ ಒಳಗೆ ಟೊಳ್ಳು. ಈಗ ಹದಿನೈದು ದಿನದಿಂದ ಒಂದು ತುಂಡೂ ಇಲ್ಲ. ಫ್ರೀಜರ್ ಚೆನ್ನಾಗಿದೆ, ಮಾಂಸ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಬಂದು ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದರು. ಎರಡು ದಿನ ಐಸ್ ಬಂತು, ಮತ್ತೆ ನಿಂತಿತು. ಈಗ ಐಸ್ ಮೇಕರ್ ಪೂರ್ತಿ ಬದಲಾಯಿಸಬೇಕು ಎನ್ನುತ್ತಾರೆ. ಹುತ್ತರಿ ಹಬ್ಬಕ್ಕೆ ಮನೆ ತುಂಬ ಜನ ಬರುತ್ತಾರೆ. ಮನೆಯಲ್ಲೇ ಏನಾದರೂ ಮಾಡಬಹುದಾ? ಅಂದ ಹಾಗೆ, ಜುಲೈನಲ್ಲಿ ತೋಡಿನ (ಸಣ್ಣ ಹಳ್ಳದ) ನೀರು ಕೆಂಪಾಗಿ ಬರುತ್ತಿತ್ತು ಅಂತ ಅಡುಗೆಮನೆಗೆ ನೀರು ಶುದ್ಧ ಮಾಡುವ ಆರ್‌ಒ ಹಾಕಿಸಿದೆವು. ಫ್ರಿಡ್ಜಿಗೂ ಈಗ ಅದರಿಂದಲೇ ನೀರು.

ಉತ್ತರ: ನಮಸ್ಕಾರ ಅಕ್ಕ.

ಹೊಸ ಐಸ್ ಮೇಕರಿಗೆ ಈಗಲೇ ದುಡ್ಡು ಕೊಡಬೇಡಿ. ನಿಮ್ಮದು ಕೆಟ್ಟಿರಲಿಕ್ಕಿಲ್ಲ. ನೀವು "ಅಂದ ಹಾಗೆ" ಅಂತ ಕೊನೆಗೆ ಸೇರಿಸಿದ ಮಾತಿದೆಯಲ್ಲ, ಆ ಆರ್‌ಒ ವಿಷಯ, ನನ್ನ ಕಣ್ಣು ಅಲ್ಲೇ ನಿಂತಿತು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೊಡಗಿನಲ್ಲಿ ಫ್ರಿಡ್ಜ್ ರಿಪೇರಿ ಮಾಡಿದ್ದೇನೆ. ಐಸ್ ಬರುತ್ತಿಲ್ಲ ಅಂತ ಕರೆದ ಮನೆಗಳಲ್ಲಿ ಹೆಚ್ಚಿನ ಸಲ ತೊಂದರೆ ಇದ್ದದ್ದು ಐಸ್ ಮೇಕರಿನಲ್ಲಲ್ಲ, ಅದಕ್ಕೆ ಬರುವ ನೀರಿನಲ್ಲಿ.

ಯಾಕೆ ಅಂತ ತಿಳಿಯಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಬೇಕು. ನಿಮ್ಮಂಥ ಫ್ರಿಡ್ಜಿನಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಟ್ರೇ, ಅದನ್ನು ತಿರುಚುವ ಸಣ್ಣ ಮೋಟರ್, ಟ್ರೇ ಅಡಿಯಲ್ಲಿ ತಣ್ಣಗಾದದ್ದನ್ನು ಗೊತ್ತುಮಾಡುವ ಒಂದು ಸೆನ್ಸರ್ ಇರುತ್ತದೆ. ನೀರು ಹೆಪ್ಪುಗಟ್ಟಿತು ಅಂತ ಸೆನ್ಸರ್ ಹೇಳಿದ ಕೂಡಲೇ ಮೋಟರ್ ಟ್ರೇಯನ್ನು ಮಗುಚಿ ತಿರುಚುತ್ತದೆ. ತುಂಡುಗಳು ಕೆಳಗಿನ ಡಬ್ಬಕ್ಕೆ ಬೀಳುತ್ತವೆ. ಟ್ರೇ ಮತ್ತೆ ನೆಟ್ಟಗಾಗುತ್ತದೆ. ಆಗ ಫ್ರಿಡ್ಜಿನ ಹಿಂಬದಿ ಕೆಳಗಿರುವ ನೀರಿನ ವಾಲ್ವ್ ಕೆಲವು ಸೆಕೆಂಡ್ ತೆರೆದು ಮುಚ್ಚಿಕೊಳ್ಳುತ್ತದೆ. ಬಂದ ನೀರು ಟ್ರೇಯಲ್ಲಿ ನಿಲ್ಲುತ್ತದೆ.

ಈ "ಕೆಲವು ಸೆಕೆಂಡ್" ಎಂಬಲ್ಲೇ ಗುಟ್ಟು ಇರುವುದು. ಎಷ್ಟೋ ಮಾದರಿಗಳಲ್ಲಿ ಮಷೀನು ನೀರನ್ನು ಅಳೆಯುವುದಿಲ್ಲ. ಹೊತ್ತನ್ನು ಮಾತ್ರ ಅಳೆಯುತ್ತದೆ. ಒತ್ತಡ ಚೆನ್ನಾಗಿದ್ದರೆ ಅಷ್ಟು ಹೊತ್ತಿನಲ್ಲಿ ಟ್ರೇ ತುಂಬುತ್ತದೆ. ಒತ್ತಡ ಕಡಿಮೆ ಇದ್ದರೆ ಅದೇ ಹೊತ್ತಿನಲ್ಲಿ ಅರ್ಧ ಟ್ರೇ, ಕಾಲು ಟ್ರೇ. ತುಂಡು ಸಣ್ಣದಾಗುತ್ತದೆ, ಟೊಳ್ಳಾಗುತ್ತದೆ. ನೀವು ಬರೆದದ್ದು ಅದೇ ತಾನೇ?

ಇನ್ನೊಂದು ಮಾತನ್ನು ಮೆಕ್ಯಾನಿಕ್‌ಗಳೂ ಎಷ್ಟೋ ಸಲ ಮರೆಯುತ್ತಾರೆ. ಆ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳಲಿಕ್ಕೂ ನೀರಿನ ಒತ್ತಡ ಬೇಕು. ಒಳಗಿರುವ ರಬ್ಬರ್ ಬಿಲ್ಲೆಯನ್ನು ಹಿಂದಿನಿಂದ ಒತ್ತಿ ಹಿಡಿಯುವುದು ಆ ನೀರೇ. ಒತ್ತಡ ಸಾಕಾಗದಿದ್ದರೆ ವಾಲ್ವ್ ಮುಚ್ಚಿದ ಮೇಲೂ ಹನಿ ಹನಿ ಜಿನುಗುತ್ತದೆ. ಹನಿ ಟ್ರೇಗೆ ಬೀಳುವ ಮುಂಚೆ, ಫ್ರೀಜರಿನೊಳಗಿನ ಸಣ್ಣ ಕೊಳವೆಯ ತುದಿಯಲ್ಲೇ ಗಟ್ಟಿಯಾಗುತ್ತದೆ. ಒಂದರ ಮೇಲೊಂದು ಸೇರಿ ಕೊಳವೆ ಪೂರ್ತಿ ಮುಚ್ಚಿಹೋಗುತ್ತದೆ. ನಿಮ್ಮ ಮೆಕ್ಯಾನಿಕ್ ಹೇರ್ ಡ್ರೈಯರ್‌ನಲ್ಲಿ ಕರಗಿಸಿದ್ದು ಆ ಐಸನ್ನೇ. ಕೊಳವೆ ಬಿಟ್ಟಿತು, ಎರಡು ದಿನ ಐಸ್ ಬಂತು. ಜಿನುಗುವುದು ನಿಂತಿರಲಿಲ್ಲವಲ್ಲ, ಮತ್ತೆ ಕಟ್ಟಿಕೊಂಡಿತು. ಐಸ್ ಮೇಕರ್ ಸತ್ತಿದ್ದರೆ ಆ ಎರಡು ದಿನವೂ ಐಸ್ ಬರುತ್ತಿರಲಿಲ್ಲ.

ಈಗ ಒತ್ತಡದ ಲೆಕ್ಕ ಹೇಳುತ್ತೇನೆ. ಸುಲಭ ಇದೆ. ಹೆಚ್ಚಿನ ಫ್ರಿಡ್ಜುಗಳು ಕಡಿಮೆ ಅಂದರೂ 20 ಪಿಎಸ್‌ಐ ಒತ್ತಡ ಕೇಳುತ್ತವೆ. ಪಿಎಸ್‌ಐ ಅಂದರೆ ಒತ್ತಡದ ಒಂದು ಅಳತೆ. ನಿಮ್ಮದಕ್ಕೆ ಎಷ್ಟು ಅಂತ ಅದರ ಪುಸ್ತಕದಲ್ಲೇ ಇರುತ್ತದೆ, ನೋಡಿ. ಎತ್ತರದಿಂದ ಇಳಿಯುವ ನೀರಿಗೆ ಪ್ರತಿ ಒಂದು ಮೀಟರಿಗೆ ಸುಮಾರು 1.4 ಪಿಎಸ್‌ಐ ಒತ್ತಡ ಸಿಗುತ್ತದೆ. ಅಂದರೆ 20 ಬೇಕಾದರೆ ಟ್ಯಾಂಕ್ ಫ್ರಿಡ್ಜಿಗಿಂತ 14 ಮೀಟರ್ ಮೇಲಿರಬೇಕು. ಬೆಳೆದು ನಿಂತ ಸಿಲ್ವರ್ ಓಕ್ ಮರದ ಅರ್ಧದಷ್ಟು ಎತ್ತರ. ತಾರಸಿ ಮೇಲಿನ ಟ್ಯಾಂಕಿನಿಂದ ಅಷ್ಟು ಬರುವುದಿಲ್ಲ. ಒಂದು ಮಹಡಿಯ ಮನೆಯಲ್ಲಿ ಮೂರೋ ನಾಲ್ಕೋ ಮೀಟರ್ ಸಿಕ್ಕರೆ ಐದು ಪಿಎಸ್‌ಐ ಆಸುಪಾಸು, ಅಷ್ಟೇ.

ಹಾಗಿದ್ದರೆ ಮೂರು ವರ್ಷ ಹೇಗೆ ಬಂತು ಅಂತ ಕೇಳಬಹುದು. ನಮ್ಮ ಕಡೆ ತೋಟದ ಮನೆಗಳಲ್ಲಿ ಮನೆ ಕೆಳಗೆ, ನೀರಿನ ಟ್ಯಾಂಕ್ ಮೇಲಿನ ಏರಿನಲ್ಲಿ ಇರುವುದೇ ಜಾಸ್ತಿ ಅಲ್ವಾ? ನಿಮ್ಮಲ್ಲೂ ತೋಡಿನ ನೀರು ಹಾಗೇ ಇಳಿದು ಬರುತ್ತಿರಬೇಕು. ಹದಿನೈದು ಇಪ್ಪತ್ತು ಮೀಟರ್ ಇಳಿಜಾರು ಸಿಕ್ಕಿದರೆ ಸಾಕು, ಪಂಪೇ ಇಲ್ಲದೆ ಫ್ರಿಡ್ಜಿಗೆ ಬೇಕಾದಷ್ಟು ಒತ್ತಡ. ಗುಡ್ಡವೇ ನಿಮಗೆ ಪಂಪಿನ ಕೆಲಸ ಮಾಡಿಕೊಡುತ್ತಿತ್ತು. ಜುಲೈನಲ್ಲಿ ಆ ಪೈಪನ್ನು ಬಿಡಿಸಿ ಆರ್‌ಒಗೆ ಸಿಕ್ಕಿಸಿದರು. ಗೋಡೆಗೆ ನೇತುಹಾಕುವ ಆರ್‌ಒದೊಳಗೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ನಿಂತಿರುತ್ತದೆ. ಅದರ ನಲ್ಲಿಯಿಂದ ತೆಗೆದ ನೀರಿಗೆ ಒತ್ತಡ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಐಸ್ ಮೇಕರ್ ಫ್ರೀಜರಿನ ಮೇಲ್ಭಾಗದಲ್ಲಿ ಕುಳಿತಿರುತ್ತದೆ. ಕೆಲವು ಮನೆಗಳಲ್ಲಿ ಆರ್‌ಒದ ನಲ್ಲಿ ಅದಕ್ಕಿಂತ ಕೆಳಗೇ ಇರುತ್ತದೆ. ನೀರು ಏರುವುದಾದರೂ ಹೇಗೆ?

ಇದು ನಿಜವಾ ಅಂತ ನೀವೇ ಹತ್ತು ನಿಮಿಷದಲ್ಲಿ ತಿಳಿಯಬಹುದು. ಒಂದು ಲೀಟರಿನ ಖಾಲಿ ಬಾಟಲಿ, ಒಂದು ಬಕೆಟ್, ಒಂದು ಹಳೆ ಬಟ್ಟೆ ಸಾಕು.

ಫ್ರಿಡ್ಜಿನ ಪ್ಲಗ್ ತೆಗೆಯಿರಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು, ಯಾಕೆಂದರೆ ನೀರು ಮತ್ತು ಕರೆಂಟು ಎರಡೂ ಒಂದೇ ಜಾಗದಲ್ಲಿವೆ. ಫ್ರಿಡ್ಜಿಗೆ ಬರುವ ನೀರಿನ ಕಾಕ್ ಮುಚ್ಚಿ. ಇಬ್ಬರು ಸೇರಿ ಫ್ರಿಡ್ಜನ್ನು ನಿಧಾನ ಮುಂದಕ್ಕೆ ಎಳೆಯಿರಿ. ಹಿಂದೆ ಕೆಳಗೆ, ಬಿಳಿ ಪೈಪು ವಾಲ್ವ್‌ಗೆ ಸೇರುವ ಜಾಗ ಕಾಣುತ್ತದೆ. ಪೈಪಿನ ಬುಡದಲ್ಲಿ ಸಣ್ಣ ಕ್ಲಿಪ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಬುಡದ ಪ್ಲಾಸ್ಟಿಕ್ ಬಳೆಯನ್ನು ಎರಡು ಉಗುರಿನಿಂದ ಒಳಕ್ಕೆ ಒತ್ತಿ ಹಿಡಿದು ಪೈಪನ್ನು ನೆಟ್ಟಗೆ ಎಳೆದರೆ ಬಂದುಬಿಡುತ್ತದೆ. ಬಳೆ ಒತ್ತದೆ ಎಳೆದರೆ ಎಷ್ಟು ಶಕ್ತಿ ಹಾಕಿದರೂ ಬರುವುದಿಲ್ಲ, ಪೈಪು ಮಾತ್ರ ಹಾಳಾಗುತ್ತದೆ. ತೆಗೆಯುವ ಮುಂಚೆ ಪೈಪು ಎಲ್ಲಿಯವರೆಗೆ ಒಳಗಿತ್ತು ಅಂತ ಪೆನ್ನಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ.

ಈಗ ಪೈಪಿನ ತುದಿಯನ್ನು ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಮೊಬೈಲಿನಲ್ಲಿ ಸೆಕೆಂಡ್ ನೋಡಿ. ನನ್ನ ಕೈಲೆಕ್ಕ ಏನೆಂದರೆ, ಒಂದು ಲೀಟರ್ ಬಾಟಲಿ ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಎರಡು ಮೂರು ನಿಮಿಷ ಹಿಡಿದರೆ, ಅಥವಾ ನೀರು ಸಣ್ಣ ದಾರದ ಹಾಗೆ ಇಳಿಯುತ್ತಿದ್ದರೆ, ರೋಗ ಸಿಕ್ಕಿತು ಅಂತ ಲೆಕ್ಕ. ಬಾಟಲಿಯನ್ನು ನೆಲದ ಮೇಲೆ ಇಡಬೇಡಿ, ಐಸ್ ಮೇಕರ್ ಇರುವ ಎತ್ತರಕ್ಕೆ ಎತ್ತಿ ಹಿಡಿಯಿರಿ. ನೆಲದ ಹತ್ತಿರ ಚೆನ್ನಾಗಿ ಬರುವ ನೀರು ಮೇಲೆ ಹೋಗುವಷ್ಟರಲ್ಲಿ ನಿಂತೇ ಹೋಗುವುದನ್ನು ನಾನು ನೋಡಿದ್ದೇನೆ.

ಪೈಪು ಬಿಚ್ಚಿದ್ದಾಗಲೇ ವಾಲ್ವ್‌ನ ಬಾಯಿಗೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಜಾಲರಿ ಇರುತ್ತದೆ, ಕಿರುಬೆರಳಿನ ಉಗುರಿನಷ್ಟು. ಭಾಗಮಂಡಲ ಕಡೆಯ ಒಂದು ಮನೆಯಲ್ಲಿ ಅದನ್ನು ಚಿಮಟದಲ್ಲಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡಾಗ ಜಾಲರಿಯೇ ಕಾಣುತ್ತಿರಲಿಲ್ಲ. ಮೇಲೆ ಕೆಂಪು ಮಣ್ಣು, ಕುಂಕುಮ ಕಲಸಿ ಮೆತ್ತಿದ ಹಾಗೆ ನುಣ್ಣಗೆ. ಉಗುರಲ್ಲಿ ಕೆರೆದರೆ ಅಡಿಯಲ್ಲಿ ಬಿಳಿ ಎಳೆಗಳು. ಪ್ಲಂಬರ್ ನಲ್ಲಿಗೆ ಸುತ್ತಿದ್ದ ಟೆಫ್ಲಾನ್ ಟೇಪಿನ ಚೂರುಗಳು ಅವು. ಜೊತೆಗೆ ಪಿವಿಸಿ ಪೈಪ್ ಕುಯ್ದಾಗ ಉದುರಿದ ಪುಡಿ. ಹಳೆ ಟೂತ್‌ಬ್ರಶ್‌ನಲ್ಲಿ ಉಜ್ಜಿ, ನಲ್ಲಿ ಕೆಳಗೆ ಹಿಡಿದು ತೊಳೆದು ಹಾಕಿದೆ. ಆ ಮನೆಗೂ ಹೊಸ ಐಸ್ ಮೇಕರ್ ಬೇಕು ಅಂತ ಯಾರೋ ಹೇಳಿ ಹೋಗಿದ್ದರು. ನಿಮ್ಮಲ್ಲೂ ಮಳೆಗಾಲದಲ್ಲಿ ಕೆಂಪು ನೀರು ಹರಿದಿದೆ, ಹೊಸದಾಗಿ ಪ್ಲಂಬಿಂಗೂ ಆಗಿದೆ. ಆದ್ದರಿಂದ ಜಾಲರಿ ನೋಡದೆ ಬಿಡಬೇಡಿ. ಅದು ಸಲೀಸಾಗಿ ಹೊರಗೆ ಬರದಿದ್ದರೆ ಎಳೆದಾಡಬೇಡಿ, ಇದ್ದಲ್ಲೇ ಬ್ರಶ್ ಆಡಿಸಿ.

ಎಷ್ಟೋ ಫ್ರಿಡ್ಜುಗಳಲ್ಲಿ ಒಂದು ನೀರಿನ ಫಿಲ್ಟರ್ ಇರುತ್ತದೆ. ಅದನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಾಯಿಸಲು ಹೇಳುತ್ತಾರೆ. ಮಳೆಗಾಲದ ತೋಡಿನ ನೀರು ಕುಡಿಸಿದ ಫಿಲ್ಟರ್ ಆರು ತಿಂಗಳು ಬರುವುದಿಲ್ಲ. ಮೂರು ವರ್ಷದಿಂದ ಒಂದೇ ಫಿಲ್ಟರ್ ಇದ್ದರೆ ಇವತ್ತೇ ಬದಲಾಯಿಸಿ.

ಪೈಪನ್ನು ವಾಪಸ್ ಹಾಕುವಾಗ ಪೆನ್ನಿನ ಗೆರೆ ಮುಚ್ಚುವವರೆಗೆ ಒತ್ತಿ, ಕ್ಲಿಪ್ ಹಾಕಿ. ಕಾಕ್ ತೆರೆದು ಅಡಿಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿ ಅರ್ಧ ಗಂಟೆ ಬಿಡಿ. ಒಂದು ಹನಿ ಬಿದ್ದರೂ ಕಾಗದ ತೋರಿಸಿಕೊಡುತ್ತದೆ.

ಇನ್ನು ಕೊಳವೆಯಲ್ಲಿ ಕಟ್ಟಿರುವ ಐಸ್. ಇಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಚಾಕು, ಸ್ಕ್ರೂಡ್ರೈವರ್, ಕಡ್ಡಿ ಯಾವುದನ್ನೂ ಫ್ರೀಜರಿನೊಳಗೆ ಹಾಕಿ ಚುಚ್ಚಬೇಡಿ. ಫಲಕದ ಹಿಂದೆ ಫ್ರಿಡ್ಜನ್ನು ತಣ್ಣಗೆ ಮಾಡುವ ಗ್ಯಾಸಿನ ಕೊಳವೆಗಳಿವೆ, ಅವು ತುಂಬಾ ತೆಳು. ಈಗಿನ ಮನೆ ಫ್ರಿಡ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್600ಎ ಎಂಬ ಗ್ಯಾಸ್. ಅದು ಬೆಂಕಿ ಹತ್ತುವ ಗ್ಯಾಸ್, ಅಡುಗೆ ಗ್ಯಾಸಿನ ಬಳಗದ್ದೇ. ಅದಕ್ಕೇ ಮೇಣದಬತ್ತಿ, ಲೈಟರ್ ಹಿಡಿದು ಕರಗಿಸುವುದೂ ಬೇಡ. ಹೇರ್ ಡ್ರೈಯರ್ ಕೂಡ ನನಗೆ ಇಷ್ಟವಿಲ್ಲ. ಒಂದೇ ಕಡೆ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕರಗಿದ ನೀರು ಡ್ರೈಯರ್ ಮೇಲೆ ಬಿದ್ದರೆ ಶಾಕ್.

ನಾನು ಮಾಡುವುದು ಹೀಗೆ. ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 50 ಮಿಲಿ ಸಿರಿಂಜ್ ಒಂದು, ಅದರ ತುದಿಗೆ ಸಿಕ್ಕಿಸುವ ಮೆತ್ತನೆಯ ಸಣ್ಣ ಟ್ಯೂಬ್ ಒಂದು. ಪ್ಲಗ್ ತೆಗೆದು ಐಸ್ ಡಬ್ಬ ಹೊರಗಿಡಿ. ಟ್ರೇ ಕೆಳಗೆ ದಪ್ಪ ಟವಲ್ ಹಾಸಿ. ಸ್ನಾನದ ನೀರಿನಷ್ಟು ಬಿಸಿ ನೀರು ಸಾಕು, ಕುದಿಯುವ ನೀರು ಬೇಡ. ಟ್ಯೂಬನ್ನು ಕೊಳವೆಯ ಬಾಯಿಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ನೀರು ಬಿಡಿ. ಬಿಟ್ಟ ನೀರು ವಾಪಸ್ ಟವಲ್ ಮೇಲೆ ಬೀಳುತ್ತಿರುತ್ತದೆ, ಅದನ್ನು ಹಿಂಡುತ್ತಿರಿ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಟ್ಯೂಬ್ ಸ್ವಲ್ಪ ಸ್ವಲ್ಪವೇ ಒಳಕ್ಕೆ ಜರುಗುವುದು ಬೆರಳಿಗೆ ಗೊತ್ತಾಗುತ್ತದೆ. ಕೊನೆಗೆ ಬೆಂಡಿನಂಥ ಒಂದು ಬಿಳಿ ಐಸ್ ಕಡ್ಡಿ ಜಾರಿ ಕೈಗೆ ಬೀಳುತ್ತದೆ. ಅದು ಬಿದ್ದರೆ ದಾರಿ ಬಿಟ್ಟಿತು. ಆಮೇಲೆ ಎಲ್ಲವನ್ನೂ ಒಣಗಿಸಿ ಒರೆಸಿ. ತೇವ ಉಳಿದರೆ ಅದೇ ಮತ್ತೆ ಗಟ್ಟಿಯಾಗುತ್ತದೆ.

ಆದರೆ ನೀರಿನ ಒತ್ತಡ ಸರಿ ಮಾಡದೆ ಇದನ್ನು ಮಾಡಿದರೆ ಮತ್ತೆ ಎರಡೇ ದಿನ. ಮೊದಲು ಒತ್ತಡ, ಆಮೇಲೆ ಐಸ್ ಕರಗಿಸುವುದು.

ಒತ್ತಡಕ್ಕೆ ನಿಮ್ಮ ಮುಂದೆ ಎರಡು ದಾರಿ ಇವೆ. ನನ್ನ ಮನಸ್ಸಿಗೆ ಒಪ್ಪುವುದು ಗುಡ್ಡದ ಪೈಪನ್ನೇ ಮತ್ತೆ ಫ್ರಿಡ್ಜಿಗೆ ಕೊಡುವುದು. ಬರೀ ಪೈಪು ಕೊಟ್ಟರೆ ಸಾಲದು. ಮಧ್ಯೆ ಮಣ್ಣು ಹಿಡಿಯಲಿಕ್ಕೆ ಒಂದು 5 ಮೈಕ್ರಾನ್ ಸ್ಪನ್ ಫಿಲ್ಟರ್, ಅದಾದ ಮೇಲೆ ಕ್ರಿಮಿ ಕೊಲ್ಲಲಿಕ್ಕೆ ಯುವಿ (ಅತಿನೇರಳೆ ಬೆಳಕಿನ) ಘಟಕ, ಪೈಪಿನ ಒತ್ತಡ ತಡೆದುಕೊಳ್ಳುವಂಥದ್ದು, ಆಮೇಲೆ ಫ್ರಿಡ್ಜ್. ಆರ್‌ಒ ಇರುವುದು ನೀರಿನಲ್ಲಿ ಕರಗಿದ ಉಪ್ಪು ತೆಗೆಯಲಿಕ್ಕೆ. ತೋಡಿನ ನೀರಿನ ತೊಂದರೆ ಉಪ್ಪಲ್ಲ, ಮಣ್ಣು ಮತ್ತು ಕ್ರಿಮಿ. ಬೇಕಾದರೆ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸ್ಪನ್ ಫಿಲ್ಟರಿನೊಳಗಿನ ಕ್ಯಾಂಡಲ್ ಅಗ್ಗದ ವಸ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆಗಾಗ ಬಿಚ್ಚಿ ನೋಡುತ್ತಿರಿ, ಕೆಂಪಾದ ಕೂಡಲೇ ಬದಲಾಯಿಸಿ.

ಯುವಿ ಯಾಕೆ ಅಂದರೆ, ಐಸ್ ಆದರೆ ಕ್ರಿಮಿ ಸಾಯುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಸಾಯುವುದಿಲ್ಲ. ಹೊಟ್ಟೆ ಕೆಡಿಸುವ ಎಷ್ಟೋ ಕ್ರಿಮಿಗಳು ಐಸಿನೊಳಗೆ ಸುಮ್ಮನೆ ಮಲಗಿದ್ದು, ಕರಗಿದ ಮೇಲೆ ಏಳುತ್ತವೆ. ನೀವು ಆ ಐಸನ್ನು ಬಂದ ಅತಿಥಿಗಳ ಲೋಟಕ್ಕೆ ಹಾಕಿ ಕೊಡುವವರು. ಕುಡಿಯಲಾಗದ ನೀರನ್ನು ಐಸ್ ಮೇಕರಿಗೂ ಕೊಡಬಾರದು.

ಆರ್‌ಒ ನೀರೇ ಬೇಕು ಅಂದರೆ ಎರಡನೇ ದಾರಿ. ಆರ್‌ಒ ನೀರನ್ನು ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತುಂಬಿಸಿ, ಅದರಿಂದ ಫ್ರಿಡ್ಜಿಗೆ ಕಳಿಸುವ ಸಣ್ಣ ಪಂಪು ಹಾಕಿಸುವುದು. ಇದಕ್ಕೆಂದೇ ಮಾಡಿದ ಪಂಪುಗಳು ಸಿಗುತ್ತವೆ. ಫ್ರಿಡ್ಜಿನ ವಾಲ್ವ್ ತೆರೆದಾಗ ಒತ್ತಡ ಇಳಿಯುತ್ತದೆ, ಪಂಪು ತಾನೇ ಓಡುತ್ತದೆ. ಮುಚ್ಚಿದಾಗ ತಾನೇ ನಿಲ್ಲುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಕರೆಂಟ್ ಬೇಕು, ಕ್ಯಾನ್ ತುಂಬಿಸುವ ನೆನಪು ಬೇಕು, ಕ್ಯಾನನ್ನು ಆಗಾಗ ತೊಳೆಯಬೇಕು. ಅಷ್ಟೊಳ್ಳೆ ಗುಡ್ಡ ಇಟ್ಟುಕೊಂಡು ಪಂಪು ಯಾಕೆ ಅಂತ ನನಗನ್ನಿಸುತ್ತದೆ. ತೀರ್ಮಾನ ನಿಮ್ಮದು.

ಕರೆಂಟಿನ ವಿಷಯ ಬಂತಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೊಂದು ಸಲ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಆಗ ಡಬ್ಬದಲ್ಲಿದ್ದ ಐಸ್ ಅರ್ಧ ಕರಗಿ, ಕರೆಂಟ್ ಬಂದ ಮೇಲೆ ಎಲ್ಲ ಸೇರಿ ಒಂದೇ ಗಡ್ಡೆಯಾಗುತ್ತದೆ. ಡಬ್ಬ ತುಂಬಿದೆ ಅಂತ ತಿಳಿಸುವ ಕಡ್ಡಿ ಆ ಗಡ್ಡೆಗೆ ತಾಗಿ ನಿಂತರೆ, ಐಸ್ ಸಾಕು ಅಂತ ಮಷೀನು ಕೆಲಸ ನಿಲ್ಲಿಸಿಬಿಡುತ್ತದೆ. ಉದ್ದ ಕರೆಂಟ್ ಹೋದ ಮೇಲೆ ಡಬ್ಬ ತೆಗೆದು ಖಾಲಿ ಮಾಡಿ, ಒರೆಸಿ ಇಡುವುದು ಒಳ್ಳೆಯದು. ಅತಿಥಿಗಳ ಮಕ್ಕಳು ಬಾಗಿಲ ಮೇಲಿನ ಐಸ್ ಆಫ್ ಬಟನ್ ಒತ್ತಿ ಹೋಗುವುದೂ ಇದೆ. ಅದನ್ನೂ ಒಮ್ಮೆ ನೋಡಿಬಿಡಿ.

ಫ್ರೀಜರ್ ತಣ್ಣಗಿದೆ ಅಂದಿರಿ, ಸಂತೋಷ. ಮೈನಸ್ 18 ಡಿಗ್ರಿ ಇರಬೇಕು. ಹಬ್ಬಕ್ಕೆ ಅಂತ ಹಂದಿ ಮಾಂಸದ ಪ್ಯಾಕೆಟುಗಳನ್ನು ಇಡುಕಿರಿದು ತುಂಬಿಸುವಾಗ ಹಿಂಬದಿ ಗಾಳಿ ಬರುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಒಣಮೀನು ಇಡುವುದಾದರೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ಐಸ್ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಪರೀಕ್ಷೆ. ಡಬ್ಬ ತೆಗೆದು ಐಸ್ ಮೇಕರಿನ ಅಡಿ ಅಥವಾ ಪಕ್ಕ ನೋಡಿದರೆ ಹೆಚ್ಚಿನ ಮಾದರಿಗಳಲ್ಲಿ ಟೆಸ್ಟ್ ಎಂಬ ಸಣ್ಣ ಬಟನ್ ಸಿಗುತ್ತದೆ. ಪ್ಲಗ್ ಹಾಕಿ, ಕೆಳಗೊಂದು ಪಾತ್ರೆ ಹಿಡಿದು, ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಟ್ರೇ ಕಿರ್ ಅಂತ ಮಗುಚಿ, ವಾಪಸ್ ನೆಟ್ಟಗಾಗಿ, ಹಿಂದಿನಿಂದ ವಾಲ್ವ್‌ನ ಗುಂಯ್ ಶಬ್ದ ಬಂದು ನೀರು ಬಿದ್ದರೆ ಯಂತ್ರ ಪೂರ್ತಿ ಚೆನ್ನಾಗಿದೆ. ವಾಲ್ವ್ ಶಬ್ದ ಮಾಡಿಯೂ ನೀರು ಬರದಿದ್ದರೆ ತೊಂದರೆ ಇನ್ನೂ ನೀರಿನ ದಾರಿಯಲ್ಲೇ ಇದೆ. ಟ್ರೇ ತಿರುಗಿಯೂ ವಾಲ್ವ್ ಸದ್ದೇ ಇಲ್ಲದಿದ್ದರೆ ವಾಲ್ವ್‌ನ ಕಾಯಿಲ್ ಸುಟ್ಟಿರಬಹುದು ಅಥವಾ ಅಲ್ಲಿಗೆ ಕರೆಂಟ್ ಬರುತ್ತಿರಲಿಕ್ಕಿಲ್ಲ. ಅದನ್ನು ಮೀಟರ್ ಹಿಡಿದು ನೋಡಬೇಕು, ಮೆಕ್ಯಾನಿಕ್‌ಗೆ ಬಿಡಿ. ಸುಟ್ಟಿದ್ದರೂ ಬದಲಾಯಿಸಬೇಕಾದ್ದು ವಾಲ್ವ್ ಮಾತ್ರ.

ಮೋಟರ್ ಕಟಕಟ ಅಂದು ಟ್ರೇ ತಿರುಗದೆ ನಿಂತರೆ ಒಳಗಿನ ಗೇರಿನ ಹಲ್ಲು ಸವೆದಿರಬಹುದು. ಬಟನ್ ಒತ್ತಿದರೂ ಏನೂ ಆಗದಿದ್ದರೆ ಮೋಟರೋ ಫ್ರಿಡ್ಜಿನ ಕಂಟ್ರೋಲ್ ಬೋರ್ಡೋ ಹೋಗಿರಬಹುದು. ಟ್ರೇಯೇ ಸೀಳಿದ್ದೂ ನೋಡಿದ್ದೇನೆ. ಹಲ್ಲು, ಟ್ರೇ ಅಥವಾ ಮೋಟರ್ ಹೋಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಐಸ್ ಮೇಕರ್ ಬದಲಾಯಿಸಿ. ಬೋರ್ಡ್ ಹೋಗಿದ್ದರೆ ಹೊಸ ಐಸ್ ಮೇಕರ್ ಹಾಕಿಯೂ ಪ್ರಯೋಜನವಿಲ್ಲ, ಅದನ್ನು ಮೊದಲು ಕೇಳಿಕೊಳ್ಳಿ. ಈ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸಲು ಹೇಳಿ. ಒಳ್ಳೆ ಕೆಲಸಗಾರ ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲ ಸರಿಯಾದ ಮೇಲೂ ಮೊದಲ ದಿನ ಅವಸರ ಮಾಡಬೇಡಿ. ಫ್ರೀಜರ್ ಮತ್ತೆ ಪೂರ್ತಿ ತಣ್ಣಗಾಗಲು, ಪೈಪಿನೊಳಗಿನ ಗಾಳಿ ಹೋಗಲು ಹೊತ್ತು ಬೇಕು. ಒಂದೊಂದು ಟ್ರೇ ಐಸ್ ಆಗಲು ಒಂದೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. 24 ಗಂಟೆ ಬಿಟ್ಟು ನೋಡಿ. ಮೊದಲ ಎರಡು ಮೂರು ಟ್ರೇ ಐಸನ್ನು ಗಿಡದ ಬುಡಕ್ಕೆ ಹಾಕಿ, ಹೊಸ ಪೈಪು ಮತ್ತು ಫಿಲ್ಟರಿನ ರುಚಿ ಅದರಲ್ಲೇ ಹೋಗುತ್ತದೆ. ಹುತ್ತರಿಗೆ ಒಂದು ವಾರ ಮುಂಚೆಯೇ ಇದನ್ನು ಮುಗಿಸಿಕೊಂಡರೆ ನಿಮಗೆ ಆರಾಮ.

ನಾಳೆ ಬೆಳಿಗ್ಗೆ ಬಾಟಲಿ ಹಿಡಿದು ನೋಡಿ, ತುಂಬಲು ಎಷ್ಟು ಸೆಕೆಂಡ್ ಆಯಿತು ಅಂತ ಬರೆದು ಕಳಿಸಿ. ಆ ಜಾಲರಿಯ ಫೋಟೋ ಸಿಕ್ಕಿದರೆ ಅದನ್ನೂ ಜೊತೆಗೆ ಕಳಿಸಿ ಅಕ್ಕ.